ಕಡ ತಂದ ಮುತ್ತಿನ ಅಕ್ಷರ

ನಮ್ಮ ಗೆಳೆಯನೊಬ್ಬನ ಕೈಬರಹ ಅಪ್ಪಟ ಕಾಗೆಕಾಲು ಗುಬ್ಬಿಕಾಲು. ಮದುವೆ ನಿಶ್ಚಯವಾದದ್ದೇ ತಡ, ಇಂಗ್ಲಿಷ್ ಆಮಂತ್ರಣ ಪತ್ರಿಕೆಯನ್ನು ಕೈಬರಹದ ಫಾಂಟಿನಲ್ಲಿ ಅಚ್ಚು ಹಾಕಿಸಬೇಕು, ನೋಡಿದವರೆಲ್ಲ ತಾನೇ ಬರೆದೆನೆಂದು ನಂಬಬೇಕು ಎಂಬ ದುರಾಸೆ ಅವನಿಗೆ ಹುಟ್ಟಿತು. ಕರಡು ಹಿಡಿದು ನಮ್ಮ ಮುಂದೆ ಬಂದು ಕುಳಿತ.

ಪುಟ ವಿನ್ಯಾಸ ಮಾಡುವ ಗೆಳತಿ ಅದನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗಾಗಿ ಹಿಡಿದಳು. “ಇದು ಹೆಸರೋ, ಬೇಲಿಗೆ ಹಬ್ಬಿದ ಬಳ್ಳಿಯೋ?”

“ಹೆಸರೇ. ಎದ್ದು ಕಾಣಲಿ ಎಂದು ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿ ಹಾಕಿದ್ದೇನೆ.”

“ಈ ಫಾಂಟಿನ ಕ್ಯಾಪಿಟಲ್ ಅಕ್ಷರವೆಂದರೆ ಮೆರವಣಿಗೆಯ ಆನೆ. ಅದೊಂದು ಮುಂದೆ ನಡೆಯಬೇಕು, ಚಿಕ್ಕವು ಕೈ ಕೈ ಹಿಡಿದು ಹಿಂದೆ ಬರಬೇಕು. ನೀನು ಹನ್ನೆರಡು ಆನೆಗಳನ್ನು ಒಂದೇ ಓಣಿಗೆ ನುಗ್ಗಿಸಿದ್ದೀಯೆ.”

“ಇಕ್ಕಟ್ಟಾಗದಿರಲಿ ಎಂದು ನಡುವೆ ಅಂತರ ಬಿಟ್ಟಿದ್ದೇನಲ್ಲ!”

“ಅದು ಎರಡನೆಯ ಅಪರಾಧ. ಒಂದರ ಬಾಲ ಮುಂದಿನದರ ಮೂತಿಗೆ ತಾಗುವಂತೆ ಅಳೆದು ಪೋಣಿಸಿದ ಮುತ್ತುಗಳಿವು. ನೀನು ದಾರವನ್ನೇ ಕಿತ್ತಿದ್ದೀಯೆ.”

ಗೆರೆ ಒಂದು ಕಡೆ ಕೊಬ್ಬಿ ಇನ್ನೊಂದು ಕಡೆ ಸೊರಗಿರುವುದೇಕೆ ಎಂದು ನಾನು ಕೇಳಿದೆ. ಚೂಪು ನಿಬ್ಬನ್ನು ಒತ್ತಿ ಕೆಳಗೆಳೆದರೆ ಅದು ಬಾಯಿ ಬಿಟ್ಟು ಗೆರೆ ದಪ್ಪವಾಗುತ್ತದೆ, ಹಗುರವಾಗಿ ಮೇಲೆ ಒಯ್ದರೆ ಕೂದಲೆಳೆಯಾಗುತ್ತದೆ. ಫಾಂಟು ಅದರ ನಕಲು ಎಂದಳು. “ಚಿಕ್ಕ ಗಾತ್ರದಲ್ಲಿ ಅಚ್ಚಾದರೆ ಆ ಕೂದಲೆಳೆಯೇ ಮಾಯ.”

“ಹಾಗಾದರೆ ಸ್ಥಳ, ಸಮಯ?”

“ಯಾರೂ ಬರುವುದು ಬೇಡವೆಂದಿದ್ದರೆ ಅವನ್ನೂ ಇದರಲ್ಲೇ ಹಾಕು.”

ನಾನೂ ಒಂದು ಹುಳುಕು ಹುಡುಕಿದೆ. ಹೆಸರಿನಲ್ಲಿದ್ದ ಎರಡು ‘ಎಲ್’ಗಳೂ ಅವಳಿಗಳ ಹಾಗೆ, ಕೂದಲಷ್ಟೂ ವ್ಯತ್ಯಾಸವಿಲ್ಲ. ಯಾವ ಮನುಷ್ಯನ ಕೈ ಹಾಗೆ ಬರೆದೀತು? ಕಳ್ಳ ಸಿಕ್ಕಿಬೀಳುವುದೇ ಅಲ್ಲಿ.

“ಅದಕ್ಕೂ ಮದ್ದಿದೆ” ಎಂದಳು ಗೆಳತಿ. ಜರ್ಮನಿಯ ಅಕ್ಷರ ವಿನ್ಯಾಸಕ ಹರ್ಮನ್ ಜಾಫ್ 1944ರಲ್ಲಿ ಬರೆದ ಕೈಬರಹವೇ 1998ರಲ್ಲಿ ‘ಜಾಫಿನೋ’ ಫಾಂಟಾಗಿ ಬಂದದ್ದು. ಒಂದೇ ಅಕ್ಷರಕ್ಕೆ ಹಲವು ರೂಪಗಳನ್ನು ಅದರಲ್ಲಿ ಇಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಅದರ ಹೆಸರನ್ನೇ ಟೈಪಿಸಿದರೆ ಅಷ್ಟೂ ಅಕ್ಷರ ಸೇರಿ ಒಂದೇ ಕೂಡಕ್ಷರವಾಗುತ್ತದೆಯಂತೆ. (ಸಂಜೆ ಪರೀಕ್ಷಿಸಿದೆ, ಆಗುತ್ತದೆ. ಆ ಬಳಿಕ ಒಂದು ಗಂಟೆ ಬೇರೆ ಕೆಲಸ ನಡೆಯಲಿಲ್ಲ.)

“54 ವರ್ಷ ಕಾದರೆ ನನ್ನ ಬರಹವೂ ಫಾಂಟಾಗಬಹುದೇ?” ಎಂದ ಮದುಮಗ.

“ಆಗಬಹುದು. ಔಷಧಿ ಚೀಟಿಗೆ ಬಳಸಬಹುದು.”

ಕೊನೆಗೆ ಹೆಸರುಗಳೆರಡು ಮಾತ್ರ ದೊಡ್ಡದಾಗಿ ಬಳುಕುವ ಅಕ್ಷರದಲ್ಲಿ, ಉಳಿದದ್ದು ಸಾದಾ ಅಕ್ಷರದಲ್ಲಿ ಅಚ್ಚಾಯಿತು. ನಿಜಕ್ಕೂ ಅಂದವಾಗಿತ್ತು. ಆದರೆ ಲಕೋಟೆಯ ವಿಳಾಸಗಳನ್ನು ಅವನು ಕೈಯಾರೆ ಬರೆದ. ಅನೇಕರಿಗೆ ತಲುಪಲೇ ಇಲ್ಲ. ಕಳುಹಿಸಿದವರ ವಿಳಾಸವನ್ನೂ ಅವನೇ ಬರೆದಿದ್ದರಿಂದ ಅವು ಮರಳಿಯೂ ಬರಲಿಲ್ಲ.