ಮಾಯದ ಗಾಯಕ್ಕೆ ಪ್ಲಾಸ್ಮಾದ ನೈಟ್ರಿಕ್ ಆಕ್ಸೈಡ್: ಪ್ರಶ್ನೋತ್ತರ

ಪ್ರಶ್ನೆ: ರಷ್ಯಾದ ‘ಪ್ಲಾಜೋನ್’ ಯಂತ್ರದಲ್ಲಿ ಸಕ್ಕರೆ ಕಾಯಿಲೆಯವರ ಕಾಲುಹುಣ್ಣು ಮಾಯಲೆಂದು ಅದಕ್ಕೆ ನೈಟ್ರಿಕ್ ಆಕ್ಸೈಡ್ ಅನಿಲ ಹಾಯಿಸುತ್ತಾರಂತೆ. ಸಿಲಿಂಡರ್ ಇಲ್ಲದೆ ಅನಿಲ ಎಲ್ಲಿಂದ ಬರುತ್ತದೆ?

ಉತ್ತರ (ಬಯೋಮೆಡಿಕಲ್ ಎಂಜಿನಿಯರ್): ಕೋಣೆಯ ಗಾಳಿಯಿಂದಲೇ. ಯಂತ್ರದೊಳಗಿನ ಆರ್ಕ್‌ನಲ್ಲಿ, ಅಂದರೆ ಬಿಡದೆ ಹಾಯುವ ವಿದ್ಯುತ್ ಕಿಡಿಯಲ್ಲಿ, ಗಾಳಿ ಸಾವಿರಾರು ಡಿಗ್ರಿ ಕಾದು ಪ್ಲಾಸ್ಮಾ (ವಿದ್ಯುತ್ ಹರಿಸಬಲ್ಲ ಅನಿಲ; ರಕ್ತದ ಪ್ಲಾಸ್ಮಾ ಅಲ್ಲ) ಆದಾಗ ಸಾರಜನಕ, ಆಮ್ಲಜನಕ ಕೂಡಿ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ನಿಧಾನವಾಗಿ ತಣಿದರೆ ಅದು ಮತ್ತೆ ಒಡೆದು ಗಾಳಿಯೇ ಆಗಿಬಿಡುತ್ತದೆ. ಅದಕ್ಕೇ ನೀರಿನಿಂದ ತಂಪಾದ ಕಿರಿದಾದ ದಾರಿಯಲ್ಲಿ ಗಕ್ಕನೆ ತಣಿಸಬೇಕು. ನಾರ್ವೆಯ ನೋಟೊಡ್ಡೆನ್‌ನಲ್ಲಿ 1905ರಲ್ಲಿ ಗೊಬ್ಬರಕ್ಕೆಂದು ಮಾಡಿದ್ದೂ ಇದನ್ನೇ.

ಪ್ರಶ್ನೆ: ಯಂತ್ರ ದೂರವಿಟ್ಟು ಉದ್ದ ಪೈಪ್ ಹಾಕಬಹುದೇ?

ಉತ್ತರ (ಅದೇ ಎಂಜಿನಿಯರ್): ಬೇಡ. ಆಮ್ಲಜನಕ ಸಿಕ್ಕ ಕೂಡಲೇ ನೈಟ್ರಿಕ್ ಆಕ್ಸೈಡ್ ನೈಟ್ರೋಜನ್ ಡೈಆಕ್ಸೈಡ್ ಆಗತೊಡಗುತ್ತದೆ. ಅದರ ವೇಗ ನೈಟ್ರಿಕ್ ಆಕ್ಸೈಡ್ ಸಾಂದ್ರತೆಯ ವರ್ಗಕ್ಕೆ (ಸಾಂದ್ರತೆಯನ್ನು ಅದರಿಂದಲೇ ಗುಣಿಸಿದ್ದಕ್ಕೆ) ಅನುಗುಣ. ಅದು 1000 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 1000 ಭಾಗ) ಇದ್ದರೆ ಒಂದು ಸೆಕೆಂಡಿಗೆ ಸುಮಾರು 5 ಪಿಪಿಎಂ ಡೈಆಕ್ಸೈಡ್ ಎಂಬ ಕೆಟ್ಟ ಅನಿಲ. 500ಕ್ಕೆ ಇಳಿಸಿದರೆ ಅದರ ಕಾಲುಭಾಗ. ಒಳವ್ಯಾಸ 4 ಮಿ.ಮೀ. ಇರುವ ಒಂದು ಮೀಟರ್ ಪೈಪ್‌ನಲ್ಲಿ ನಿಮಿಷಕ್ಕೆ ಒಂದು ಲೀಟರ್ ಹರಿದರೆ ಅನಿಲ ಮುಕ್ಕಾಲು ಸೆಕೆಂಡ್ ಒಳಗಿರುತ್ತದೆ. ಮೂರು ಮೀಟರ್ ಆದರೆ ಲೆಕ್ಕ ನೀವೇ ಹಾಕಿ. ನಡುವೆ ಸೋಡಾ ಲೈಮ್ (ಸುಣ್ಣ, ಕಾಸ್ಟಿಕ್ ಸೋಡಾ ಬೆರೆತ ಹರಳು) ಹಾಕಿದರೆ ಡೈಆಕ್ಸೈಡ್ ಹಿಡಿಯುತ್ತದೆ, ಆದರೆ ಅದೂ ಬೇಗ ತೀರುತ್ತದೆ.

ಮಳೆಗಾಲದಲ್ಲಿ ಇನ್ನೊಂದು ತಲೆನೋವು: ಡೈಆಕ್ಸೈಡ್‌ಗೆ ತೇವ ಸೇರಿದರೆ ಅದು ನೈಟ್ರಿಕ್ ಆಮ್ಲವಾಗಿ ನಳಿಕೆ ತಿನ್ನುತ್ತದೆ. ಒಳಬರುವ ಗಾಳಿಯನ್ನು ಸಿಲಿಕಾ ಜೆಲ್‌ನಲ್ಲಿ ಒಣಗಿಸಿ. ಸವೆದ ಎಲೆಕ್ಟ್ರೋಡ್‌ನ ಲೋಹದ ಕಣ ಗಾಯಕ್ಕೆ ಬೀಳದಂತೆ ಫಿಲ್ಟರ್ ಇರಲಿ.

ಪ್ರಶ್ನೆ: ಗಾಯವನ್ನು ಹೇಗೆ ಸಿದ್ಧ ಮಾಡಬೇಕು? ಎಷ್ಟು ಹೊತ್ತು?

ಉತ್ತರ (ಗಾಯ ಆರೈಕೆಯ ಶಸ್ತ್ರವೈದ್ಯೆ): ಮೊದಲು ಸತ್ತ ಅಂಗಾಂಶ ತೆಗೆದು, ಸಲೈನ್‌ನಲ್ಲಿ ತೊಳೆದು, ಒತ್ತಿ ಒರೆಸಿ. ಮುಲಾಮಿನ ಪೊರೆ ಉಳಿದರೆ ಅನಿಲ ಒಳಗಿಳಿಯದು. ರಕ್ತ ಜಿನುಗುತ್ತಿದ್ದರೆ ನಿಲ್ಲುವವರೆಗೆ ಕಾಯಿರಿ. ಹಿಮೋಗ್ಲೋಬಿನ್ ನೈಟ್ರಿಕ್ ಆಕ್ಸೈಡನ್ನು ನುಂಗಿ ನೈಟ್ರೇಟ್ ಮಾಡಿಬಿಡುತ್ತದೆ, ಶ್ರಮವೆಲ್ಲ ವ್ಯರ್ಥ. ಇಲಿಗಳ ಮೇಲಿನ ರಷ್ಯನ್ ಪ್ರಯೋಗದಲ್ಲಿ ದಿನಕ್ಕೆ 60 ಸೆಕೆಂಡ್, 500 ಪಿಪಿಎಂ ಬಳಸಿದ್ದರು. ಮನುಷ್ಯರಿಗೆ ಯಂತ್ರದ ಕೈಪಿಡಿಯ ಅಂತರ, ಅವಧಿಯನ್ನೇ ಪಾಲಿಸಿ. ನಳಿಕೆಯನ್ನು ಒಂದೇ ಜಾಗಕ್ಕೆ ಹಿಡಿಯದೆ ಆಡಿಸುತ್ತಿರಿ. ಸಕ್ಕರೆಯಿಂದ ಸ್ಪರ್ಶ ಕಳೆದುಕೊಂಡ ಪಾದ ಸುಟ್ಟರೂ ರೋಗಿಗೆ ಗೊತ್ತಾಗದು.

ನೇರವಾಗಿ ಹೇಳುತ್ತೇನೆ: ಪಾದದ ಮೇಲಿನ ಒತ್ತಡ ತಪ್ಪಿಸದೆ, ರಕ್ತಸಂಚಾರ ಪರೀಕ್ಷಿಸದೆ ಈ ಅನಿಲ ಹಾಯಿಸುವುದು ತೂತು ಮಡಕೆಗೆ ನೀರು ತುಂಬಿದ ಹಾಗೆ. ದೊಡ್ಡ ಯಾದೃಚ್ಛಿಕ ಪ್ರಯೋಗಗಳೂ (ಯಾರಿಗೆ ಯಾವ ಚಿಕಿತ್ಸೆ ಎಂದು ಚೀಟಿ ಎತ್ತಿದಂತೆ ಹಂಚಿ ಹೋಲಿಸುವವು) ಕಡಿಮೆ, ಆದ್ದರಿಂದ ಇದು ಮೂಲ ಚಿಕಿತ್ಸೆಗೆ ಬದಲಿಯಲ್ಲ.

ಪ್ರಶ್ನೆ: ಪಾರ್ಲರ್‌ನ ಪ್ಲಾಸ್ಮಾ ಪೆನ್ ಅಥವಾ ಮನೆಯಲ್ಲೇ ನಿಯಾನ್ ದೀಪದ ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್‌ನಿಂದ ಬರಿಸಿದ ಕಿಡಿ ಇದೇ ಕೆಲಸಕ್ಕೆ ಆಗುತ್ತದೆಯೇ?

ಉತ್ತರ (ಎಂಜಿನಿಯರ್): ಪೆನ್ ಇರುವುದು ಚರ್ಮ ಸುಡಲು. ಮನೆಯ ಕಿಡಿಯಲ್ಲಿ ಪ್ರಮಾಣವೇ ಗೊತ್ತಿರುವುದಿಲ್ಲ, ಶಾಕ್ ಬೇರೆ. ನೈಟ್ರಿಕ್ ಆಕ್ಸೈಡ್‌ಗೆ ಬಣ್ಣವಿಲ್ಲ. ಕಂದು ಹೊಗೆ ಕಂಡರೆ ಅದು ಡೈಆಕ್ಸೈಡ್, ಶ್ವಾಸಕೋಶಕ್ಕೆ ವಿಷ. ಅಮೆರಿಕದ ಕಾರ್ಮಿಕ ನಿಯಮದಲ್ಲಿ ಅದರ ಗರಿಷ್ಠ ಮಿತಿ 5 ಪಿಪಿಎಂ. ಹಾಗಾಗಿ ಆಸ್ಪತ್ರೆಯಲ್ಲೂ ಗಾಯದ ಪಕ್ಕದಲ್ಲೇ ಹೀರುವ ಕೊಳವೆ, ಮೇಜಿನ ಮೇಲೆ ಅನಿಲ ಮೀಟರ್ ಇರಬೇಕು.

ಉತ್ತರ (ಶಸ್ತ್ರವೈದ್ಯೆ): ಒಂದು ಸೇರಿಸುತ್ತೇನೆ. ವಿಶಾಲವಾದ ಸುಟ್ಟಗಾಯಕ್ಕೆ ಬಳಸುವಾಗ ಪಲ್ಸ್ ಆಕ್ಸಿಮೀಟರ್ ಶೇ. 85ರ ಆಸುಪಾಸಿನಲ್ಲಿ ನಿಂತು ಆಮ್ಲಜನಕ ಕೊಟ್ಟರೂ ಏರದಿದ್ದರೆ ಅನಿಲ ನಿಲ್ಲಿಸಿ, ಮೆಟ್‌ಹಿಮೋಗ್ಲೋಬಿನ್ (ಆಮ್ಲಜನಕ ಹೊರಲಾಗದಂತೆ ಬದಲಾದ ಹಿಮೋಗ್ಲೋಬಿನ್) ಪರೀಕ್ಷೆಗೆ ರಕ್ತ ಕಳಿಸಿ.