ಬಂದರಿನಲ್ಲಿ ಹಡಗನ್ನು ‘ಈಕ್ವಿಪ್’ ಮಾಡುವುದಕ್ಕೆ ಕನ್ನಡ ಪದ? (ತುರ್ತು)

ಮಾನ್ಯರೇ,
ಅಮೆರಿಕದ ಇತಿಹಾಸದ ಅಧ್ಯಾಯವೊಂದನ್ನು ಅನುವಾದಿಸುತ್ತಿದ್ದೇನೆ, ನಾಳೆಯೇ ಅಚ್ಚಿಗೆ ಹೋಗಬೇಕು. 1793ರ ಏಪ್ರಿಲ್‌ನಲ್ಲಿ ಚಾರ್ಲ್ಸ್‌ಟನ್‌ಗೆ ಬಂದಿಳಿದ, ಬ್ರಿಟನ್ನಿನೊಡನೆ ಯುದ್ಧದಲ್ಲಿದ್ದ ಫ್ರಾನ್ಸಿನ ರಾಯಭಾರಿ ಜೆನೆ, ಬ್ರಿಟಿಷ್ ಹಡಗುಗಳನ್ನು ಹಿಡಿಯಲು ಖಾಸಗಿ ಹಡಗುಗಳಿಗೆ ಅಲ್ಲಿಯೇ ಅಧಿಕಾರಪತ್ರ ಕೊಡತೊಡಗಿದ. ಆಗಸ್ಟ್ 3ರಂದು ಅಮೆರಿಕದ ಅಧ್ಯಕ್ಷ ವಾಷಿಂಗ್ಟನ್ನನ ಸಂಪುಟ ಬಂದರುಗಳಿಗೆ ತಟಸ್ಥ ನಿಯಮಗಳನ್ನು ರೂಪಿಸಿತು. ಇಂಥ ಖಾಸಗಿ ಹಡಗಿಗೆ, ಅಂದರೆ ‘ಪ್ರೈವೆಟೀರ್’ಗೆ, ಏನೆನ್ನಬೇಕು? ‘ಆರ್ಮಿಂಗ್’, ‘ಈಕ್ವಿಪ್ಪಿಂಗ್’ ಎರಡಕ್ಕೂ ‘ಶಸ್ತ್ರಸಜ್ಜುಗೊಳಿಸು’ ಸಾಕೆ?

ಉತ್ತರ 1:
ಸಾಲದು. ಯುದ್ಧನಿರತ ದೇಶಗಳು ಅಮೆರಿಕದ ಬಂದರಿನಲ್ಲಿ ಹಡಗಿಗೆ ಹೊಸದಾಗಿ ಆಯುಧ ತೊಡಿಸುವಂತಿಲ್ಲ ಎಂಬುದು ಮೊದಲ ನಿಯಮ. ವ್ಯಾಪಾರಿ ಹಡಗನ್ನು ವ್ಯಾಪಾರಕ್ಕೆಂದೇ ಸಜ್ಜುಗೊಳಿಸಬಹುದು ಎಂಬುದು ಎರಡನೆಯದು. ಅಲ್ಲಿ ನೀವು ‘ಶಸ್ತ್ರ’ ಸೇರಿಸಿದರೆ ನಿಯಮವೇ ತಲೆಕೆಳಗಾಗುತ್ತದೆ. ಹಾಯಿ, ಹಗ್ಗ, ನೀರಿನ ಪೀಪಾಯಿ ಎಲ್ಲವೂ ಸಜ್ಜೇ. ಫಿರಂಗಿ ಏರಿಸಿದರೆ ಮಾತ್ರ ಶಸ್ತ್ರಸಜ್ಜು. ಫ್ರೆಂಚರು ಸೆರೆಹಿಡಿದ ‘ಲಿಟಲ್ ಸಾರಾ’ ಎಂಬ ಹಡಗಿನಲ್ಲಿ ನಾಲ್ಕೇ ಫಿರಂಗಿಗಳಿದ್ದವು. ಆಗಿನ ರಾಜಧಾನಿ ಫಿಲಡೆಲ್ಫಿಯಾದಲ್ಲಿ, ಸರ್ಕಾರದ ಕಣ್ಣೆದುರಿನಲ್ಲೇ, ಅವು ಹದಿನಾಲ್ಕಾದವು. ಅದನ್ನು ತಡೆಯಬೇಕೇ ಎಂದು ಸಂಪುಟದ ಸಚಿವರಾದ ಹ್ಯಾಮಿಲ್ಟನ್, ಜೆಫರ್ಸನ್ ವಾದ ಮುಗಿಸುವ ಮೊದಲೇ ಜುಲೈನಲ್ಲಿ ಅದು ಸಮುದ್ರ ಸೇರಿತು. ಈ ಮುಖಭಂಗದ ಬೆನ್ನಿಗೇ ಬಂದ ನಿಯಮಗಳು ಇವು, ಪದ ಸಡಿಲವಾಗಕೂಡದು. ಪ್ರೈವೆಟೀರ್‌ಗೆ ‘ಸನ್ನದು ಹಡಗು’ ಎನ್ನಿ.

ಉತ್ತರ 2:
ಸನ್ನದು ಅರಬ್ಬಿ, ತಟಸ್ಥ ಸಂಸ್ಕೃತ. ಕನ್ನಡಕ್ಕೆ ಬೇರೇ ಇಲ್ಲವೆ? ‘ಒಪ್ಪೋಲೆಯ ಹಡಗು’ (ಒಪ್ಪಿಗೆಯ ಓಲೆ ಪಡೆದದ್ದು), ‘ಅಣಿಗೊಳಿಸು’ ಎಂದು ಬರೆಯಿರಿ.

ಉತ್ತರ 3:
‘ಅಣಿಗೊಳಿಸು’ ಒಳ್ಳೆಯ ಪದ, ಎರಡನೆಯ ನಿಯಮಕ್ಕೆ ಸೊಗಸಾಗಿ ಹೊಂದುತ್ತದೆ. ‘ಒಪ್ಪೋಲೆ’ ಯಾವ ಓದುಗನಿಗೂ ತಿಳಿಯದು. ಬಂದರು ಪಾರಸಿಯಿಂದ ಬಂದದ್ದು, ಅದನ್ನೂ ಬಿಡುವಿರಾ? ಫಿರಂಗಿಯ ಬೇರು ‘ಫ್ರಾಂಕ್’, ಅಂದರೆ ಈ ಫ್ರೆಂಚರ ಹೆಸರೇ! ಇನ್ನು ‘ತಟಸ್ಥ’ ಎಂದರೆ ದಡದಲ್ಲಿ ನಿಂತವನು. ಬಂದರಿನ ನಿಯಮಕ್ಕೆ ಇದಕ್ಕಿಂತ ತಕ್ಕ ಪದ ಯಾವುದಿದೆ?

ಉತ್ತರ 2:
ಹಾಗಾದರೆ ಕಡನುಡಿಯಲ್ಲೇ ಮುಳುಗಿರಿ. ಸಂಸ್ಕೃತವೇ ಬೇಕಿದ್ದರೆ ‘ಅಲಿಪ್ತ’ ಇದೆಯಲ್ಲ, ಪತ್ರಿಕೆ ಓದುವವರಿಗೆಲ್ಲ ಗೊತ್ತು.

ಉತ್ತರ 1:
ಖಂಡಿತ ಬೇಡ. ಅಲಿಪ್ತವೆಂದರೆ ಬಣ ಸೇರದಿರುವುದು. ಅಮೆರಿಕಕ್ಕೆ ಫ್ರಾನ್ಸಿನೊಡನೆ 1778ರ ಮೈತ್ರಿ ಒಪ್ಪಂದವಿತ್ತು, 1793ರಲ್ಲೂ ಅದು ಜಾರಿಯಲ್ಲಿತ್ತು. ಮಿತ್ರನಾಗಿದ್ದೂ ಯುದ್ಧಕ್ಕಿಳಿಯದ ದೇಶವನ್ನು ಅಲಿಪ್ತವೆಂದರೆ ಇತಿಹಾಸವೇ ತಪ್ಪುತ್ತದೆ. ‘ತಟಸ್ಥ’ವೇ ಇರಲಿ, ಇಂದೇ ಕರಡು ತಿದ್ದಿ ಕಳುಹಿಸಿ.