ಕಂದಾಯ ಜಾಸ್ತಿ ಕಟ್ಟಿದರೆ ಗುಂಡಿ ಮುಚ್ಚುತ್ತಾ?

ಜಯನಗರದ_ಓದುಗ (ಪ್ರಶ್ನೆ):
ಏಪ್ರಿಲ್ ಬಂದು ಬೆಂಗಳೂರಲ್ಲಿ ಆಸ್ತಿ ತೆರಿಗೆ ಕಟ್ಟೋ ಹೊತ್ತಾದರೆ ಇದೇ ಜಗಳ. "ತೆರಿಗೆ ಏರಿಸಿ, ಡೆನ್ಮಾರ್ಕ್ ಥರ ಸೇವೆ ಕೊಡಿ" ಅಂತ ಒಂದು ಕಡೆ, "ಕೊಟ್ಟಿದ್ದೇ ಎಲ್ಲಿ ಹೋಯ್ತು" ಅಂತ ಇನ್ನೊಂದು ಕಡೆ. ದರ ಏರಿದರೆ ಸೇವೆ ಸುಧಾರಿಸುತ್ತಾ? ಇಲ್ಲದವರಿಗೆ ಅದು ನ್ಯಾಯವಾ? ಬೈಗುಳ ಬೇಡ, ಲೆಕ್ಕ ಗೊತ್ತಿರೋರು ಹೇಳಿ.

ಚಲನ್_ಲೆಕ್ಕಿಗ:
ಮೊದಲು ಚಲನ್ ಬಿಡಿಸಿ ನೋಡಿ. 1,000 ಚದರಡಿ ಮನೆ, ತಿಂಗಳಿಗೆ ಚದರಡಿಗೆ 3 ರೂಪಾಯಿ ದರ ಅಂತಿಟ್ಟುಕೊಳ್ಳಿ. ಹತ್ತು ತಿಂಗಳಿಗೆ 30,000 (ಹನ್ನೆರಡಲ್ಲ, ಹತ್ತೇ). ಕಟ್ಟಡ ಹಳೆಯದಾಗೋದಕ್ಕೆ ಅಂತ ಸವಕಳಿ 10% ಕಳೆದರೆ 27,000. ಅದರ 20%, ಅಂದರೆ 5,400 ಆಸ್ತಿ ತೆರಿಗೆ. ಅದರ ಮೇಲೆ ಆರೋಗ್ಯ 15%, ಗ್ರಂಥಾಲಯ 6%, ಭಿಕ್ಷುಕರ ಸೆಸ್ 3%, ಈ ಮೂರೇ 1,296. ಗ್ರಂಥಾಲಯ, ಭಿಕ್ಷುಕರ ಸೆಸ್ ಪಾಲಿಕೆಯ ದುಡ್ಡಲ್ಲ, ವಸೂಲಿ ಮಾಡಿ ದಾಟಿಸಬೇಕು. 2025ರ ಏಪ್ರಿಲ್‌ನಿಂದ ಕಸದ ಶುಲ್ಕ ಬೇರೆ: ಈ ಅಳತೆಯ ಮನೆಗೆ ತಿಂಗಳಿಗೆ 50, 4,000 ಚದರಡಿ ದಾಟಿದರೆ 400.

ಯಡವಟ್ಟಾಗೋದು ದರದಲ್ಲಲ್ಲ, ಅಳತೆಯಲ್ಲಿ. ಇದು ಸ್ವಯಂ ಘೋಷಣೆ. ಮೂರು ಮಹಡಿ ಕಟ್ಟಿ ಎರಡೇ ತೋರಿಸೋದು, ಕೆಳಗೆ ಅಂಗಡಿ ಇಟ್ಟು ವಾಸದ ಮನೆ ಅಂತ ಬರೆಸೋದು ಮಾಮೂಲು. ಹಾಗಿರುವಾಗ ದರ ಏರಿಸಿದರೆ ಸರಿಯಾಗಿ ಬರೆಸಿದವನ ಮೇಲೇ ಹೊರೆ. ಬಾಡಿಗೆದಾರ ತೆರಿಗೆ ಕಟ್ಟಲ್ಲ ಅನ್ನೋದೂ ಅರ್ಧ ಸುಳ್ಳು: ಬಾಡಿಗೆಗೆ ಕೊಟ್ಟ ಮನೆಗೆ ದರವೇ ಹೆಚ್ಚು, ಮಾಲೀಕರು ಅದನ್ನ ಬಾಡಿಗೆಗೆ ಸೇರಿಸುತ್ತಾರೆ.

ವಾರ್ಡ್_ಸಭೆ:
ಡೆನ್ಮಾರ್ಕ್ ಹೆಸರು ತೆಗೆಯೋರು ಒಂದು ಮರೀತಾರೆ. ಅಲ್ಲಿ ವ್ಯಾಟ್ (ಕೊಳ್ಳೋ ಸಾಮಾನಿನ ಮೇಲಿನ ತೆರಿಗೆ) 25%, ಊಟದ ಸಾಮಾನಿಗೂ ಅಷ್ಟೇ. ವಸೂಲಿಯಲ್ಲಿ ಬಡವರಿಗೆ ರಿಯಾಯಿತಿ ಕಮ್ಮಿ, ಖರ್ಚಿನಲ್ಲಿ ಸರಿದೂಗಿಸುತ್ತಾರೆ. ಜೊತೆಗೆ ಸ್ಥಳೀಯ ಸಂಸ್ಥೆಗಳೇ ಸರಾಸರಿ 25%ರಷ್ಟು ಆದಾಯ ತೆರಿಗೆ ಹಾಕುತ್ತವೆ. ದರ ಏರಿಸಿದವರು ಅದೇ ಊರಿನವರ ಮುಂದೆ ಓಟಿಗೆ ನಿಲ್ಲಬೇಕು.

ನಮ್ಮಲ್ಲಿ? ಆಕ್ಟ್ರಾಯ್ (ಊರೊಳಗೆ ಬರೋ ಸರಕಿನ ಮೇಲಿನ ಸುಂಕ) 1979ರಲ್ಲೇ ಹೋಯ್ತು. ಜಿಎಸ್‌ಟಿ ಕೇಂದ್ರಕ್ಕೆ, ರಾಜ್ಯಕ್ಕೆ. ನಗರಕ್ಕೆ ಉಳಿದ ದೊಡ್ಡ ತೆರಿಗೆ ಆಸ್ತಿಯದೊಂದೇ. 2020ರ ಸೆಪ್ಟೆಂಬರ್‌ನಲ್ಲಿ ಚುನಾಯಿತ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರುಗಳೇ ಇರಲಿಲ್ಲ, ಯಾರನ್ನ ಕೇಳ್ತೀರಿ?

ಮೋರಿ_ಮೊದಲು:
ದುಡ್ಡು ಸುರಿದರೂ ರಸ್ತೆ ಯಾಕೆ ಉಳಿಯಲ್ಲ ಅಂದ್ರೆ, ಮೋರಿಯ ಹೂಳು ತೆಗೆಯದೆ ಡಾಂಬರು ಹಾಕ್ತಾರೆ. ನೀರು ಕೆಳಗಿನ ಜಲ್ಲಿ ಪದರಕ್ಕೆ ಇಳಿಯುತ್ತೆ, ಬಸ್ಸಿನ ಭಾರಕ್ಕೆ ಡಾಂಬರು ಜಲ್ಲಿ ಬಿಟ್ಟುಕೊಡುತ್ತೆ. ಆಮೇಲೆ ಪೈಪಿಗೋ ಕೇಬಲ್ಲಿಗೋ ಅಗೆತ. ಹೊಸ ಡಾಂಬರಿಗೆ ಪೂಜೆ, ಫೋಟೊ ಇರುತ್ತೆ; ಹೂಳೆತ್ತೋದಕ್ಕೆ ಯಾರ ಫೋಟೊ?

ದರ ಏರಿಸದಿದ್ದರೂ ಅನ್ಯಾಯ ಆಗುತ್ತೆ, ನೀರೇ ಸಾಕ್ಷಿ. ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ ಪಂಪ್ ಆಗಿ ಮೇಲೇರಿ ಬರಬೇಕು, ಕರೆಂಟಿನ ಖರ್ಚೇ ದೊಡ್ಡದು. 2014ರಿಂದ 2025ರ ಏಪ್ರಿಲ್‌ವರೆಗೆ ದರ ಏರಲಿಲ್ಲ. ಲಾಭ ಆಗಿದ್ದು ನಲ್ಲಿ ಇದ್ದವರಿಗೆ. ನಲ್ಲಿಯೇ ಇಲ್ಲದ ಹೊರವಲಯದವರು ಟ್ಯಾಂಕರ್‌ಗೆ ಅದರ ಎಷ್ಟೋ ಪಟ್ಟು ಕೊಟ್ಟರು.

ಜಯನಗರದ_ಓದುಗ:
ಸರಿ, ನಮ್ಮ ರಸ್ತೆಯ ಲೆಕ್ಕ ತೆಗೆಸೋದು ಹೇಗೆ?

ಚಲನ್_ಲೆಕ್ಕಿಗ:
ಆರ್‌ಟಿಐ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಹತ್ತು ವಿಷಯ ತುರುಕಿದರೆ ವಾಪಸ್ ಬರುತ್ತೆ. "ರಸ್ತೆ ಯಾಕೆ ಹಾಳಾಯ್ತು" ಅಂತ ಕೇಳಬೇಡಿ. ಜಾಬ್ ಕೋಡ್ (ಆ ಕಾಮಗಾರಿಯ ಸಂಖ್ಯೆ), ಅಳತೆ ಪುಸ್ತಕದ (ಆದ ಕೆಲಸದ ಅಳತೆ ಬರೆದಿಡೋ ದಾಖಲೆ) ಪ್ರತಿ, ದೋಷ ಹೊಣೆಗಾರಿಕೆ ಅವಧಿ (ಕೆಲಸ ಕೆಟ್ಟರೆ ಗುತ್ತಿಗೆದಾರನೇ ಸರಿಮಾಡಬೇಕಾದ ಅವಧಿ) ಮುಗಿಯೋ ದಿನಾಂಕ ಕೇಳಿ. ಆ ದಿನಾಂಕ ಇನ್ನೂ ಮುಂದಿದ್ದರೆ ಗುಂಡಿ ಮುಚ್ಚೋ ಖರ್ಚು ಗುತ್ತಿಗೆದಾರನದು, ನಿಮ್ಮ ಕಂದಾಯದ್ದಲ್ಲ.